ಕಣ್ಣು ಮುಚ್ಚಿದವರ ಪಂಚಾಯಿತಿ

ಲೆಂಟ್ ಉಪವಾಸದ ಕಾಲಕ್ಕೆ ಸ್ವಲ್ಪ ಮುಂಚೆ ಒಂದು ಸಂಜೆ ನನ್ನ ಹೆಂಡತಿ ಮಾರ್ತಮ್ಮ ಮೊಣಕಾಲೂರಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕಣ್ಣು ಮುಚ್ಚಿ, ಸರ್ವಶಕ್ತನಾದ ದೇವರಿಗೆ ಹೀಗೆ ಅರಿಕೆ ಮಾಡಿಕೊಂಡಳು:

"ಕರ್ತನೇ, ಅಡಿಗೆಮನೆಯ ಹೆಂಚು ಒಡೆದು ಒಂದು ಮಳೆಗಾಲವೇ ಕಳೀತು. ನಿನಗೆ ಮರೆವು ಅನ್ನೋದಿಲ್ಲ. ಮರೆವು ಇರೋರು ಈ ಕೋಣೆಯಲ್ಲೇ ಇದ್ದಾರೆ. ಅವರನ್ನ ಕ್ಷಮಿಸು."

ಕೋಣೆಯಲ್ಲಿದ್ದ ಗಂಡಸು ನಾನೊಬ್ಬನೇ.

ನಾನು ಏನು ಮಾಡಬಹುದಿತ್ತು? ಕಣ್ಣು ಬಿಡುವ ಹಾಗಿಲ್ಲ. ನಡುವೆ ಬಾಯಿ ಹಾಕುವ ಹಾಗಂತೂ ಇಲ್ಲವೇ ಇಲ್ಲ. ತಲೆ ಬಗ್ಗಿಸಿ "ಆಮೆನ್" ಅಂದೆ. (ಆಮೆನ್ ಎಂದರೆ 'ಹಾಗೆಯೇ ಆಗಲಿ' ಎಂದರ್ಥ. ಅಂದರೆ ನನ್ನ ಮೇಲಿನ ಫಿರ್ಯಾದಿಗೆ ನಾನೇ ರುಜು ಹಾಕಿದೆ.)

ಮಾರನೆಯ ಬೆಳಿಗ್ಗೆ ಹೆಂಚು ಹೊದಿಸುವವನು ಬಾಗಿಲಲ್ಲಿ ನಿಂತಿದ್ದ. ನಾನು ಕರೆಸಿರಲಿಲ್ಲ. ಮಾರ್ತಮ್ಮನೂ ಕರೆಸಿರಲಿಲ್ಲ. ಕಳಿಸಿದವರು ಪಕ್ಕದ ಮನೆಯ ಚಿಕ್ಕತಾಯಮ್ಮ. ಆಕೆಯ ಯಜಮಾನರು ಗೌಡರು, ಲಷ್ಕರ್ ಮೊಹಲ್ಲಾದ ನಮ್ಮ ಬೀದಿಯಲ್ಲೇ ಸೌದೆ ಡಿಪೋ ಇಟ್ಟಿದ್ದಾರೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯೂ ಸೂರಿನ ತನಕ ಹತ್ತಲಾರದೆ ಎರಡು ಮೊಳ ಕೆಳಗೇ ದಣಿದು ನಿಂತುಬಿಟ್ಟಿದೆ. ಹೀಗಾಗಿ ನಮ್ಮ ಪ್ರಾರ್ಥನೆಗಳು ಪರಲೋಕಕ್ಕೆ ಹೋಗುವ ದಾರಿಯಲ್ಲಿ ಮೊದಲು ಗೌಡರ ಮನೆಯನ್ನು ಹಾದುಹೋಗುತ್ತವೆ.

ನಮ್ಮ ಪದ್ಧತಿ ತಿಳಿಯದ ಓದುಗರಿಗೆ ಎರಡು ಮಾತು. ನಾವು ಕ್ರೈಸ್ತರು. ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಒಟ್ಟಿಗೆ ಕೂತು ಹಾಡುತ್ತೇವೆ, ವೇದ (ಅಂದರೆ ಬೈಬಲ್) ಓದುತ್ತೇವೆ. ಆಮೇಲೆ ಒಬ್ಬೊಬ್ಬರಾಗಿ, ಗಟ್ಟಿಯಾಗಿ, ಸ್ವಂತ ಮಾತಿನಲ್ಲಿ ಪ್ರಾರ್ಥನೆ ಮಾಡುತ್ತೇವೆ. ಚಿಕ್ಕವರಿಂದ ಸುರು, ಹಿರಿಯರಲ್ಲಿ ಮುಕ್ತಾಯ. ನಮ್ಮ ಮನೆಯ ಸರದಿ ಹೀಗೆ: ಮಗಳು ಸುಗುಣ, ಅವಳ ತಾಯಿ, ನಾನು, ಕೊನೆಗೆ ನಮ್ಮ ಅತ್ತೆ.

ಇದಕ್ಕೆ ಯಾರೂ ಬರೆದಿಡದ ಕಾನೂನುಗಳಿವೆ. ಒಬ್ಬರು ಪ್ರಾರ್ಥಿಸುವಾಗ ಇನ್ನೊಬ್ಬರು ತುಟಿ ಬಿಚ್ಚಬಾರದು. ಪ್ರಾರ್ಥನೆಯಲ್ಲಿ ಕೇಳಿದ್ದನ್ನು ಊಟದ ತಟ್ಟೆಯ ಮುಂದೆ ಎತ್ತಬಾರದು. 'ಆಗ ನನ್ನನ್ನು ಹಾಗೆಂದೆಯಲ್ಲ?' ಎಂದು ಕೇಳಿದವನು ಅನಾಗರಿಕ. ಉತ್ತರ ಕೊಡಲೇಬೇಕೇ? ನಾಳೆ ನಿನ್ನ ಸರದಿ ಬರಲಿ, ದೇವರಿಗೇ ಕೊಡು.

ಹೈಕೋರ್ಟಿನಲ್ಲೂ ಇಷ್ಟು ಶಿಸ್ತು ಇರಲಾರದು.

ಈ ಕೋರ್ಟಿನಲ್ಲಿ ಹೊಸ ವರ್ಷದಿಂದ ಒಂದು ದೊಡ್ಡ ಕೇಸು ನಡೆಯುತ್ತಿತ್ತು. ಸುಗುಣ ಎಸ್.ಎಸ್.ಎಲ್.ಸಿ. ಮುಗಿಸಿ ಮನೆಯಲ್ಲಿದ್ದಳು. ನರ್ಸ್ ಆಗಬೇಕೆಂದು ಅವಳ ಆಸೆ. ಟ್ರೇನಿಂಗು ಜೂನಿನಲ್ಲಿ ಸುರುವಾಗುತ್ತದೆ, ಮೂರು ವರ್ಷ. ಮದುವೆಯಾದವರನ್ನೂ ಮದುವೆ ಗೊತ್ತಾದವರನ್ನೂ ಸೇರಿಸಿಕೊಳ್ಳುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಹಾಸನದಿಂದ ಒಂದು ಸಂಬಂಧ ಬಂತು. ಹುಡುಗ ಜಯರಾಜ, ರೈಲ್ವೆಯಲ್ಲಿ ಗುಮಾಸ್ತ, ಬೀಡಿ ಸಿಗರೇಟು ಇಲ್ಲ. ಅವನ ತಂದೆ ದೇವಸಹಾಯಪ್ಪನವರು ರಿಟೈರಾದ ಪೋಸ್ಟ್ ಮಾಸ್ಟರು. ಹೆಂಡತಿ ತೀರಿಹೋಗಿದ್ದರು. ಮನೆಗೆ ಬೇಗ ಸೊಸೆ ಬರಬೇಕೆಂದು ಅವರಿಗೆ ಅವಸರ.

ವಾದ ಪ್ರತಿವಾದ ಹೀಗೆ ನಡೆಯುತ್ತಿತ್ತು.

ಸುಗುಣ: "ಕರ್ತನೇ, ರೋಗಿಗಳನ್ನ ನೋಡಿಕೊಳ್ಳೋಕೆ ಜನ ಬೇಕು ಅಂತ ನೀನೇ ಹೇಳಿದೀಯ. ನಾನು ಹೋಗ್ತೀನಿ ಅಂದ್ರೆ ಕಳಿಸೋರಿಲ್ಲ."

ಮಾರ್ತಮ್ಮ: "ಕರ್ತನೇ, ರೋಗಿಗಳು ಎಲ್ಲಿಗೂ ಓಡಿಹೋಗಲ್ಲ. ಒಳ್ಳೇ ಗಂಡು ಓಡಿಹೋಗ್ತಾನೆ."

ಅತ್ತೆ: "ತಂದೇ, ಇವ್ರಿಬ್ರ ಕಿತ್ತಾಟದಲ್ಲಿ ಮುದ್ದೆ ತಣ್ಣಗಾಯ್ತದೆ. ಬಿರ್‍ರನೆ ಏನಾರಾ ಒಂದು ಮಾಡು."

ನಡುವೆ ನನ್ನ ಸರದಿ ಬಂದಾಗ ನಾನು ಯಾರ ಪರ ಮಾತಾಡುತ್ತಿದ್ದೆ? ಆಗ ಪೇಪರಿನ ತುಂಬ ಇದ್ದ ಸೂಯೆಜ್ ಕಾಲುವೆಗಾಗಿ ಪ್ರಾರ್ಥಿಸುತ್ತಿದ್ದೆ. ದೂರದ ಜಗಳಗಳಲ್ಲಿ ನನಗೆ ಯಾವತ್ತೂ ಸ್ಪಷ್ಟವಾದ ಅಭಿಪ್ರಾಯವಿರುತ್ತದೆ.

ಹೀಗಿರುವಾಗ ಲೆಂಟ್ ಬಂತು. (ಈಸ್ಟರ್ ಹಬ್ಬಕ್ಕೆ ಮುಂಚಿನ ನಮ್ಮ ಉಪವಾಸದ ದಿನಗಳು.) ಮೊದಲ ಭಾನುವಾರವೇ ನಮ್ಮ ಅಯ್ಯನವರು (ಸಭೆಯ ಪಾದ್ರಿಗಳನ್ನು ನಾವು ಹೀಗೆ ಕರೆಯುತ್ತೇವೆ) ಮೌನದ ಮೇಲೆ ಪ್ರಸಂಗ ಮಾಡಿದರು. ಬಾಯಿ ಮುಚ್ಚಿದವನ ಕಿವಿ ತೆರೆಯುತ್ತದೆ ಎಂದರು. ಲೋಕದ ಗದ್ದಲದಲ್ಲಿ ದೇವರ ಮೆಲುದನಿ ಕೇಳಿಸುವುದಿಲ್ಲ ಎಂದರು. ಇದನ್ನು ಅವರು ಮುಕ್ಕಾಲು ಗಂಟೆ, ಬಹಳ ಜೋರಾಗಿ ಹೇಳಿದರು.

ನನಗೆ ನಾಟಿತು. ಯಾಕೆ ನಾಟಬಾರದು? ನಮ್ಮ ಬೀದಿಯನ್ನು ನೀವು ನೋಡಬೇಕು. ಈ ಕಡೆ ಜಟಕಾ ಸ್ಟ್ಯಾಂಡು. ಆ ಕಡೆ ಕಾಫಿ ಹೋಟೆಲಿನ ರೇಡಿಯೋ. ಅದಕ್ಕೆ ಕಿವುಡರೇ ಗಿರಾಕಿಗಳೆಂದು ಯಾರೋ ಹೇಳಿಟ್ಟಿರಬೇಕು. ಬೆಳಗಾದರೆ ಗೌಡರ ಡಿಪೋದಲ್ಲಿ ಸೌದೆ ಒಡೆಯುವ ಕೊಡಲಿ. ಇದು ಸಾಲದೆಂದು ಚುನಾವಣೆ ಬೇರೆ. ಜಟಕಾದ ಮೇಲೆ ಮೈಕು ಕಟ್ಟಿಕೊಂಡು, ಒಬ್ಬರು ಹೋದ ಮೇಲೆ ಒಬ್ಬರು ಬಂದು ನಮ್ಮನ್ನು ಉದ್ಧಾರ ಮಾಡುತ್ತೇವೆಂದು ಕೂಗುತ್ತಿದ್ದರು. ಇಂಥ ಕಡೆ ಒಬ್ಬ ಮನುಷ್ಯ ತನ್ನ ದೇವರ ಜೊತೆ ಒಂದು ಗಳಿಗೆ ನೆಮ್ಮದಿಯಾಗಿ ಕೂರುವುದು ಹೇಗೆ?

ಹೊರಗಿನ ಸದ್ದನ್ನು ನಿಲ್ಲಿಸುವ ಅಧಿಕಾರ ನನಗಿಲ್ಲ. ಒಳಗಿನದಕ್ಕೆ ಇದೆ. (ಎಂದು ಆಗ ತಿಳಿದಿದ್ದೆ.)

ಆ ಸಂಜೆಯೇ ಆರ್ಡರ್ ಹೊರಡಿಸಿದೆ. ಈಸ್ಟರ್ ಮುಗಿಯುವ ತನಕ ಈ ಮನೆಯಲ್ಲಿ ಮೌನ ಪ್ರಾರ್ಥನೆ. ಎಲ್ಲರೂ ಕಣ್ಣು ಮುಚ್ಚಿ, ಬಾಯಿಯನ್ನೂ ಮುಚ್ಚಿ, ಮನಸ್ಸಿನಲ್ಲೇ ದೇವರೊಡನೆ ಮಾತಾಡತಕ್ಕದ್ದು.

ಮಾರ್ತಮ್ಮ ನನ್ನ ಮುಖವನ್ನೇ ನೋಡಿದಳು. ಸುಗುಣ ನೆಲ ನೋಡಿದಳು. ಅಪೀಲು ಹೋದವರು ಅತ್ತೆ ಒಬ್ಬರೇ.

"ಬಾಯಿ ಬುಟ್ಟು ಕೇಳ್ದೆ ಇದ್ರೆ ದೇವ್ರಿಗೆ ಎಂಗೆ ಗೊತ್ತಾಯ್ತದೆ ಅಳಿಯಂದ್ರೇ?"

"ದೇವರಿಗೆ ಎಲ್ಲಾ ಗೊತ್ತು ಅತ್ತೆ."

"ಅವ್ನಿಗೆ ಗೊತ್ತು ಬುಡಿ. ನಿಮ್ಗೆ?"

ವಯಸ್ಸಾದವರ ಮಾತಿಗೆಲ್ಲ ಉತ್ತರ ಕೊಡಬಾರದು. ಅಪೀಲು ವಜಾ ಮಾಡಿದೆ.

ಮೊದಲ ಸಂಜೆ ಅದೆಂಥ ನಿಶ್ಶಬ್ದ! ಹೆಂಚಿನ ಮಾತಿಲ್ಲ, ಗಂಡಿನ ಮಾತಿಲ್ಲ. ಕಣ್ಣು ಮುಚ್ಚಿದೆ. ಈಗ ದೇವರ ಮೆಲುದನಿ ಕೇಳಿಸಬೇಕು ಎಂದು ಕಾದೆ. ಕೇಳಿಸಿದ್ದು ಮಂಡಿ ಮೊಹಲ್ಲಾದ ಈರುಳ್ಳಿ ಸಾಹುಕಾರನ ದನಿ. ಅವನು ತಕ್ಕಡಿ ಸಮೇತ ನನ್ನ ಮುಚ್ಚಿದ ಕಣ್ಣಿನೊಳಗೆ ಬಂದು ಕೂತು ಕೊಳೆತ ಈರುಳ್ಳಿಯನ್ನು ತಳಕ್ಕೆ ಹಾಕಿ ತೂಗತೊಡಗಿದ. ಅವನನ್ನು ಓಡಿಸಿದರೆ ನಮ್ಮ ಶಾಲೆಯ ಹೆಡ್ ಮಾಸ್ತರು ಬಂದರು. ಅವರನ್ನು ಕಳಿಸಿದರೆ ನನ್ನ ಸೈಕಲ್ಲಿನ ಹಿಂದಿನ ಚಕ್ರ ಒಂದೇ ತಿರುಗಿಕೊಂಡು ಬಂತು. ಅದಾದ ಮೇಲೆ, ಬಹಳ ವರ್ಷದ ಹಿಂದೆ ಒಬ್ಬ ಸ್ಕೂಲ್ ಇನ್‌ಸ್ಪೆಕ್ಟರು ನನ್ನನ್ನು ತರಗತಿಯ ಮುಂದೆ ಗದರಿದಾಗ ನಾನು ಕೊಡಬೇಕಾಗಿದ್ದ ಉತ್ತರ ಥಟ್ಟನೆ ಹೊಳೆಯಿತು. ಎಂಥ ಉತ್ತರ! ದೇವರ ಸಮ್ಮುಖದಲ್ಲೇ ಅದನ್ನು ತಿದ್ದಿ, ತೀಡಿ, ಕೊನೆಯಲ್ಲಿ ಒಂದು ಸಂಸ್ಕೃತ ಪದ ಸೇರಿಸಿದೆ.

"ಆಮೆನ್" ಅಂದೆ. ಇನ್‌ಸ್ಪೆಕ್ಟರು ನಿರುತ್ತರರಾದರು.

ದಿನಗಳು ಹೀಗೇ ಕಳೆದವು. ಒಂದು ಸಂಜೆ ಒಂದೇ ಒಂದು ಕಣ್ಣನ್ನು ಸ್ವಲ್ಪವೇ ಬಿಟ್ಟು ನೋಡಿದೆ. (ಮೇಲ್ವಿಚಾರಣೆ ಯಜಮಾನನ ಕರ್ತವ್ಯ.) ಸುಗುಣ ಕೈ ಜೋಡಿಸಿ ಅಲುಗದೆ ಕೂತಿದ್ದಳು. ಮುಖದಲ್ಲಿ ಒಂದು ಗೆರೆಯಿಲ್ಲ. ನನಗೆ ಹೃದಯ ತುಂಬಿ ಬಂತು. ಮೌನ ಫಲ ಕೊಟ್ಟಿತು, ಹುಡುಗಿ ದೇವರ ಚಿತ್ತಕ್ಕೆ ತಲೆಬಾಗಿದಳು ಎಂದುಕೊಂಡೆ.

"ನೋಡಿದೆಯಾ," ಎಂದೆ ಮಾರ್ತಮ್ಮನಿಗೆ, "ಮಗಳು ಹೇಗೆ ತಣ್ಣಗಾಗಿದ್ದಾಳೆ!"

"ಒಪ್ಪಿಕೊಂಡ ಹಾಗೇ ಕಾಣುತ್ತೆ ಕಣ್ರೀ," ಎಂದಳು. ಆದರೆ ಅವಳ ದನಿಯಲ್ಲಿ ಗೆದ್ದವಳ ಉತ್ಸಾಹವಿರಲಿಲ್ಲ.

ಹುಡುಗಿ ಹಗಲಿನಲ್ಲಿ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪನ ಮುಖ ನೋಡಿಕೊಂಡು 'ನನಗೀಗ ಮದುವೆ ಬೇಡ' ಎನ್ನುವ ಹೆಣ್ಣುಮಕ್ಕಳು ನಿಮ್ಮ ಮೊಹಲ್ಲಾದಲ್ಲಿ ಎಷ್ಟು ಮಂದಿ ಇದ್ದಾರೆ? ನಮ್ಮಲ್ಲಿ ಅಂಥ ಮಾತಿಗೆ ಇದ್ದದ್ದು ಒಂದೇ ಬಾಗಿಲು, ಸಂಜೆಯ ಪ್ರಾರ್ಥನೆ. ಆ ಬಾಗಿಲಿಗೆ ಬೀಗ ಹಾಕಿದವನು ನಾನು. ಹಾಕಿದ ಮೇಲೆ, ಯಾರೂ ಬಾಗಿಲು ತಟ್ಟುತ್ತಿಲ್ಲವಲ್ಲ ಎಂದು ಸಂತೋಷಪಟ್ಟವನೂ ನಾನೇ.

ಹಾಸನಕ್ಕೆ ಹೇಳಿಕಳಿಸಿದೆ: ಬನ್ನಿ, ಮಾತು ಮುಗಿಸಿಬಿಡೋಣ. (ಲೆಂಟಿನಲ್ಲಿ ಮದುವೆ ಮಾಡುವುದಿಲ್ಲ. ಮಾತುಕತೆಗೆ ಅಡ್ಡಿಯಿಲ್ಲ.)

ಈ ನಡುವೆ ಒಂದು ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಚಿಕ್ಕತಾಯಮ್ಮ ನನ್ನನ್ನು ತಡೆದು ನಿಲ್ಲಿಸಿದರು.

"ಏನ್ ಮೇಷ್ಟ್ರೇ, ಸಂಜೆ ಒತ್ತು ನಿಮ್ಮನೇಲಿ ಉಸ್ರೇ ಇಲ್ವಲ್ಲ! ಎಲ್ರೂ ಚೆಂದಾಗಿದೀರಾ?"

"ಚೆನ್ನಾಗಿದ್ದೀವಿ ತಾಯಿ. ಮೌನ ಪ್ರಾರ್ಥನೆ ಮಾಡ್ತಿದ್ದೀವಿ."

"ಅಯ್ಯೋ, ಅದ್ಯಾಕೆ ಅಂಗೆ ಮಾಡ್ಬುಟ್ರಿ? ಸುಗುಣಮ್ಮನ ಇಸ್ಯ ಏನಾಯ್ತು ಅಂತ ನಮ್ಗೆ ಎಂಗ್ ಗೊತ್ತಾಗ್ಬೇಕು? ನಮ್ ಯಜಮಾನ್ರು ದಿನಾ ಕೇಳ್ತಾವ್ರೆ. ನಾನ್ ಏನಂತ ಯೇಳ್ಲಿ?"

ನಮ್ಮ ಮನೆಯ ಮೌನದಿಂದ ಎರಡು ಸಂಸಾರಗಳಿಗೆ ತೊಂದರೆಯಾಗಿದೆ ಎಂದು ಆಗ ತಿಳಿಯಿತು.

ಶನಿವಾರ ಮಧ್ಯಾಹ್ನ ದೇವಸಹಾಯಪ್ಪನವರೂ ಜಯರಾಜನೂ ಬಂದರು. ಅಯ್ಯನವರನ್ನೂ ಕರೆದಿದ್ದೆ. ಸುಗುಣ ಕಾಫಿ ತಂದುಕೊಟ್ಟು ಅಜ್ಜಿಯ ಪಕ್ಕದಲ್ಲಿ ಕೂತಳು. ಮಾತು ಎಣ್ಣೆ ಹಾಕಿದ ಗಾಲಿಯ ಹಾಗೆ ಉರುಳಿತು. ಈಸ್ಟರ್ ಕಳೆದ ಮೇಲೆ ಮದುವೆ. ಊಟ ನಮ್ಮದು, ಬ್ಯಾಂಡು ಅವರದು.

"ಹಾಗಾದರೆ ಪ್ರಾರ್ಥನೆ ಮಾಡಿ ಗೊತ್ತು ಮಾಡಿಬಿಡೋಣ," ಎಂದರು ಅಯ್ಯನವರು.

ನಮ್ಮ ಜನರಲ್ಲಿ ಈ ಪ್ರಾರ್ಥನೆ ಮುಗಿದರೆ ಮುಗಿಯಿತು. ಆಮೇಲೆ ಹಿಂದೆಗೆಯುವುದು ಮರ್ಯಾದಸ್ಥರ ಲಕ್ಷಣವಲ್ಲ.

"ನಮ್ಮಲ್ಲಿ ಈಗ ಮೌನ ಪ್ರಾರ್ಥನೆ," ಎಂದೆ ಸ್ವಲ್ಪ ಹೆಮ್ಮೆಯಿಂದ.

"ಬೀಗರು ಬಂದಾಗ ಎಂಥ ಮೌನ ಮೇಷ್ಟ್ರೇ? ಎಲ್ಲರೂ ಬಾಯಿತುಂಬ ಪ್ರಾರ್ಥಿಸಿ. ಪದ್ಧತಿಯಂತೆ ಚಿಕ್ಕವರಿಂದ ಸುರುವಾಗಲಿ. ನಾನು ಮುಗಿಸ್ತೀನಿ."

ಎಲ್ಲರೂ ಕಣ್ಣು ಮುಚ್ಚಿದೆವು. ಚಿಕ್ಕವಳು ಸುಗುಣ.

"ಕರ್ತನೇ," ಎಂದಳು, "ನಿನ್ನ ಹತ್ರ ಬಾಯಿಬಿಟ್ಟು ಮಾತಾಡಿ ಬಹಳ ದಿನ ಆಯ್ತು. ಅಪ್ಪನ ಆರ್ಡರ್ ಇತ್ತು. ನಾನು ಸುಮ್ಮನಿದ್ದಿದ್ದನ್ನ ಒಪ್ಪಿಗೆ ಅಂತ ತಿಳ್ಕೊಂಡಿದಾರೆ. ನೀನಾದ್ರೂ ಹಾಗೆ ತಿಳ್ಕೋಬೇಡ. ಬಂದಿರೋರು ಒಳ್ಳೇವ್ರು. ಅವರ ಮೇಲೆ ನನಗೆ ಕೋಪ ಇಲ್ಲ. ಅವರಿಗೂ ನನ್ನ ಮೇಲೆ ಕೋಪ ಬರದ ಹಾಗೆ ನೋಡ್ಕೋ. ಆದ್ರೆ ಇವತ್ತು ಗೊತ್ತು ಮಾಡಿಬಿಟ್ರೆ ಜೂನಿನಲ್ಲಿ ನನ್ನನ್ನ ಟ್ರೇನಿಂಗಿಗೆ ಸೇರಿಸ್ಕೊಳ್ಳಲ್ಲ. ಹೋದ ವರ್ಷ ಅಜ್ಜಿ ಮಲಗಿಬಿಟ್ಟಿದ್ದಾಗ ಅವರ ಬೆನ್ನಿನ ಹುಣ್ಣು ತೊಳೆದವಳು ನಾನು. ನನ್ನ ಕೈಗೆ ಇದೇ ಕೆಲಸ ಅಂತ ಆಗಲೇ ಗೊತ್ತಾಯ್ತು. ಇದನ್ನ ಅಪ್ಪನ ಮುಖ ನೋಡಿ ಹೇಳೋಕೆ ನನಗೆ ಧೈರ್ಯ ಇಲ್ಲ. ಅದಕ್ಕೆ ನಿನಗೆ ಹೇಳ್ತಿದೀನಿ. ಆಮೆನ್."

ಯಾರೂ ಆಮೆನ್ ಅನ್ನಲಿಲ್ಲ.

ಅಯ್ಯನವರ ಕುರ್ಚಿ ಒಮ್ಮೆ ಕಿರುಗುಟ್ಟಿತು. ಆದರೆ ಕಾನೂನು ಕಾನೂನೇ. ಪ್ರಾರ್ಥನೆಗೆ ಅಡ್ಡ ಮಾತಾಡುವ ಹಾಗಿಲ್ಲ. ಕಣ್ಣು ಬಿಟ್ಟರೆ ಇನ್ನೊಬ್ಬರ ಕಣ್ಣು ಕಾಣುತ್ತದೆ ಎಂಬ ಭಯಕ್ಕೆ ಯಾರೂ ಕಣ್ಣನ್ನೂ ಬಿಡಲಿಲ್ಲ. ಅವಳಿಗಿಂತ ದೊಡ್ಡವನು, ಮುಂದಿನ ಸರದಿಯವನು, ಜಯರಾಜ. ಗಂಟಲು ಸರಿಮಾಡಿಕೊಂಡ.

"ಕರ್ತನೇ, ಇವರು ಹೇಳಿದ್ದು ನನಗೂ ಕೇಳಿಸ್ತು. ನಾನು ರೈಲ್ವೇಲಿರೋನು. ಕಾಯೋದು ನನಗೆ ಅಭ್ಯಾಸ. ಆಮೆನ್."

ಹುಡುಗ ನನಗೆ ಆ ಕ್ಷಣವೇ ಬಹಳ ಹಿಡಿಸಿದ. ಎಂಥ ಅಳಿಯ ಕೈತಪ್ಪುತ್ತಿದ್ದಾನೆ ಎಂದು ಸಂಕಟವೂ ಆಯಿತು.

ಮಾರ್ತಮ್ಮನ ಸರದಿ. ಮೊದಲು ಮೂಗೇರಿಸುವ ಸದ್ದು. "ಕರ್ತನೇ, ಮಕ್ಕಳಿಗೆ ಒಳ್ಳೇದಾಗಲಿ. ಇನ್ನೇನು ಕೇಳಬೇಕೋ ನನಗೆ ತೋಚ್ತಿಲ್ಲ. ಉಪ್ಪಿಟ್ಟು ತಳ ಹಿಡೀತಿದೆ ಅಂತ ಕಾಣುತ್ತೆ. ಆಮೆನ್."

ಈಗ ನಾನು.

ಸೂಯೆಜ್ ಕಾಲುವೆಯನ್ನು ನೆನೆದೆ. ಅಲ್ಲಿ ಆ ಹೊತ್ತಿಗೆ ನನ್ನ ಅಗತ್ಯ ಅಷ್ಟಾಗಿ ಇದ್ದಂತೆ ಕಾಣಲಿಲ್ಲ. ಬಾಯಿ ತೆರೆದೆ, ಮುಚ್ಚಿದೆ. ನಾನೇ ಹೊರಡಿಸಿದ ಆರ್ಡರು ನನ್ನ ನಾಲಗೆಯ ಮೇಲೆ ಕೂತಿತ್ತು. ಕೋಣೆ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ, ಗೋಡೆಯ ಮೇಲಿನಿಂದ ಇಳಿದು ಬಂತು ಒಂದು ದನಿ.

"ಯಾಕ್ರೀ, ಮೇಷ್ಟ್ರು ಸುಮ್ಕಾಗ್ಬುಟ್ರು?"

"ಸುಮ್ಕಿರಮ್ಮಿ. ಯೇಳ್ತಾರೆ," ಎಂದಿತು ಗೌಡರ ದನಿ. ಹಾಡುಹಗಲಲ್ಲಿ ಡಿಪೋ ಬಿಟ್ಟು ಬಂದಿದ್ದರು ಮಹಾನುಭಾವರು.

ಹೇಳಿದೆ.

"ಕರ್ತನೇ, ನನ್ನ ಮಗಳು ನಿನಗೆ ಹೇಳಿದ್ದು ನನಗೂ ಕೇಳಿಸಿತು. ಅವಳು ಹೋಗಲಿ. ಆಮೆನ್."

ನನ್ನ ಜೀವಮಾನದಲ್ಲೇ ಅತಿ ಚಿಕ್ಕ ಪ್ರಾರ್ಥನೆ. ಆದರೆ ಒಂದು ಸಂಗತಿಯನ್ನು ಇಲ್ಲಿ ದಾಖಲು ಮಾಡಬೇಕು. ಅಷ್ಟು ಹೊತ್ತೂ ನಮ್ಮ ಮನೆಯ ಮುಂದೆಯೇ ಚುನಾವಣೆಯ ಜಟಕಾ ನಿಂತು ಮೈಕಿನಲ್ಲಿ ಅರಚುತ್ತಿತ್ತಂತೆ. ಮಾರ್ತಮ್ಮ ಆಮೇಲೆ ಹೇಳಿದ್ದು. ನನಗೆ ಕೇಳಿಸಲೇ ಇಲ್ಲ. ಈರುಳ್ಳಿ ಸಾಹುಕಾರನೂ ಬರಲಿಲ್ಲ, ಹೆಡ್ ಮಾಸ್ತರೂ ಬರಲಿಲ್ಲ, ಇನ್‌ಸ್ಪೆಕ್ಟರೂ ಬರಲಿಲ್ಲ. ಇಡೀ ಲೆಂಟಿನಲ್ಲಿ ನನ್ನ ಮನಸ್ಸು ಒಂದೇ ಕಡೆ ನಿಂತದ್ದು ಆ ಗಳಿಗೆಯಲ್ಲಿ ಮಾತ್ರ.

ಆದರೂ ಗಂಡಿನ ಕಡೆಯ ಹಿರಿಯರು ಬಾಕಿ ಇದ್ದರು. ದೇವಸಹಾಯಪ್ಪನವರ ದನಿಯಲ್ಲಿ ಪೋಸ್ಟಾಫೀಸಿನ ಗಡಸು ಇನ್ನೂ ಇತ್ತು.

"ಕರ್ತನೇ, ಹುಡುಗರಿಗೇನು, ಕಾಯ್ತೀವಿ ಅಂತಾರೆ. ಮನೇಲಿ ಒಲೆ ಹಚ್ಚೋನು ನಾನು. ನಮ್ಮವಳು ಹೋದಾಗಿನಿಂದ ನಾನು ಮಾಡೋ ಸಾರನ್ನ ನೀನು ಮೇಲಿನಿಂದ ನೋಡ್ತಾನೇ ಇದೀಯ. ಇನ್ನೂ ಮೂರು ವರ್ಷ ಅದನ್ನೇ ಉಣ್ಣು ಅಂತೀಯಾ?"

ದೇವರು ಏನು ಹೇಳುತ್ತಾನೋ ಎಂದು ನಾವೆಲ್ಲ ಕಿವಿಗೊಟ್ಟು ಕಾದೆವು.

"ಆಗಲಿ," ಎಂದರು. "ಕೈರುಚಿ ಆದರೂ ಕೊಡು. ಆಮೆನ್."

ಅತ್ತೆಯವರದು ಚುಟುಕು. "ತಂದೇ, ಮೂಗ್ರ ಮನೆ ಆಗೋಗಿತ್ತು, ಬಾಯಿ ಕೊಟ್ಟೆ. ಸ್ತೋತ್ರ. ಈ ಮಗೀನ್ ಕೈ ಚೆಂದಾಗದೆ. ಅದ್ಕೆ ನನ್ ಬೆನ್ನೇ ಸಾಕ್ಷಿ. ಆಮೆನ್."

ಮುಗಿಸಬೇಕಾದವರು ಅಯ್ಯನವರು. ಏನನ್ನು ಮುಗಿಸುವುದು? ಮದುವೆ ಗೊತ್ತು ಮಾಡಲು ಬಂದವರ ಕೈಯಲ್ಲಿ ಮದುವೆಯೇ ಉಳಿದಿರಲಿಲ್ಲ. ಅನುಭವಸ್ಥರು. ಹೊಸದಾಗಿ ಒಂದಾದ ನಮ್ಮ ರಾಜ್ಯಕ್ಕಾಗಿ ಪ್ರಾರ್ಥಿಸಿದರು. ಮುಂದೆ ಬರಲಿರುವ ಮಂತ್ರಿಗಳಿಗಾಗಿ, ಮಳೆ ಬೆಳೆಗಾಗಿ, ರೈಲ್ವೆ ಇಲಾಖೆಗಾಗಿ, ಆಸ್ಪತ್ರೆಗಳಿಗಾಗಿ ಪ್ರಾರ್ಥಿಸಿದರು. ಆಸ್ಪತ್ರೆ ಎಂಬಲ್ಲಿ ಸಣ್ಣದಾಗಿ ಕೆಮ್ಮಿದರು. ಆಮೆನ್.

ಕಣ್ಣು ಬಿಟ್ಟೆವು. ಯಾರೂ ಏನೂ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲವಲ್ಲ! ಪ್ರಾರ್ಥನೆಯಲ್ಲಿ ಆಡಿದ್ದನ್ನು ತಟ್ಟೆಯ ಮುಂದೆ ಎತ್ತಬಾರದು. ತಳ ಹಿಡಿದ ಉಪ್ಪಿಟ್ಟನ್ನು ಎಲ್ಲರೂ ಗಂಭೀರವಾಗಿ ತಿಂದೆವು. ಹೀಗೆ, ಯಾರೊಬ್ಬರೂ ಯಾರೊಬ್ಬರಿಗೂ 'ಇಲ್ಲ' ಎನ್ನದೆ, ಒಂದು ಮದುವೆ ಮೂರು ವರ್ಷ ಮುಂದಕ್ಕೆ ಹೋಯಿತು.

ಹೊರಡುವ ಮುಂಚೆ ದೇವಸಹಾಯಪ್ಪನವರು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಂತರು.

"ತಾಯಿ, ಸಾರಿಗೆ ಹುಣಿಸೆಹುಳಿ ಬೇಳೆ ಬೆಂದ ಮೇಲೆ ಹಾಕೋದೋ, ಮೊದಲೇನೋ?"

"ಬೆಂದ ಮೇಲೆ ಅಣ್ಣಾ! ಮೊದಲೇ ಹಾಕಿದ್ರೆ ಬೇಳೆ ಎಲ್ಲಿ ಬೇಯುತ್ತೆ?" ಎಂದಳು ಮಾರ್ತಮ್ಮ.

"ಓ," ಎಂದರು. ಎಷ್ಟೋ ವರ್ಷಗಳ ಕಷ್ಟಕ್ಕೆ ಕಾರಣ ತಿಳಿದ ಮುಖ ಅದು.

ಆ ಸಂಜೆಯಿಂದ ಆರ್ಡರ್ ರದ್ದಾಯಿತು. ರದ್ದು ಮಾಡಿದವರು ಯಾರೆಂದು ಕೇಳಬೇಡಿ. ದೀಪ ಹಚ್ಚಿದೊಡನೆ ಸುಗುಣ ಗಟ್ಟಿಯಾಗಿ ಸುರುಮಾಡಿದಳು, ಅಷ್ಟೆ. ಗೋಡೆಯ ಆಚೆ ಗೌಡರ ಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

ನಾನು ಶಾಂತಿಯನ್ನು ಹುಡುಕಿಕೊಂಡು ಹೊರಟು ನಿಶ್ಶಬ್ದವನ್ನು ಕೊಂಡುತಂದಿದ್ದೆ. ಎರಡೂ ಒಂದೇ ಸರಕು ಎಂದು ಆಗ ನನ್ನ ತಿಳಿವಳಿಕೆ. ನನ್ನಂಥವರು ಇನ್ನೂ ಇದ್ದಾರೆ. ಮೊನ್ನೆ ಶಾಲೆಯಲ್ಲಿ ಸಹೋದ್ಯೋಗಿಯೊಬ್ಬರು ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಮ್ಮನೇಲಿ ಒಂದು ಸದ್ದಿಲ್ಲ ಕಣ್ರೀ, ಸ್ವರ್ಗ!" ಎಂದರು.

"ಸ್ವರ್ಗ ಸರಿ," ಎಂದೆ. "ಬಾಯಿ ಮುಚ್ಚಿಕೊಂಡಿರೋರು ಯಾರು?"